ಕೊಂಡ ಆಟಕ್ಕೆ ಮತ್ತೆ ಮತ್ತೆ ಹಣ ಕೊಡಬೇಕೆ?



ಗದಗ ಜಿಲ್ಲೆಯ ಸೊರಟೂರ ಎಂಬ ಊರಿನ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಒಂದು ಯುದ್ಧದಿಂದಾಗಿ ಉಳಿದಿದೆ. ಕಲ್ಯಾಣದ ಚಾಲುಕ್ಯರ ಆಳಿಕೆ ಕುಸಿದಾಗ ಆ ಸೀಮೆ ಯಾರ ಪಾಲಾಗಬೇಕೆಂಬ ಜಗಳ ಎದ್ದಿತು. ದಕ್ಷಿಣದಿಂದ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಬಂದ, ಉತ್ತರದಿಂದ ಸೇವುಣರ ಐದನೆಯ ಭಿಲ್ಲಮ ಬಂದ. 1190ರ ಸುಮಾರಿಗೆ ಸೊರಟೂರಲ್ಲಿ ಇಬ್ಬರ ಸೈನ್ಯಗಳೂ ಎದುರಾದವು, ಬಲ್ಲಾಳ ಗೆದ್ದ. ಆಗ ಲೊಕ್ಕಿಗುಂಡಿ ಎನಿಸಿಕೊಂಡಿದ್ದ ಲಕ್ಕುಂಡಿಯೂ ಅವನ ವಶವಾಯಿತು. ಗದುಗಿನ ತ್ರಿಕೂಟೇಶ್ವರ ದೇವಾಲಯಕ್ಕೆ ಅವನು 1192ರಲ್ಲಿ ಕೊಟ್ಟ ದತ್ತಿಯ ಶಾಸನ ಈ ಗೆಲುವಿನ ಕಾಲದ್ದು.

ಕುಟುಂಬದ ಪುಟದಲ್ಲಿ ಈ ಹಳೆಯ ಯುದ್ಧದ ಮಾತೇಕೆ ಎಂದು ನೀವು ಕೇಳಬಹುದು. ಇಂಥ ಯುದ್ಧಗಳನ್ನು ಇಂದು ನಮ್ಮ ಮಕ್ಕಳು ಮನೆಯ ಕಂಪ್ಯೂಟರಿನಲ್ಲಿ ಆಡುತ್ತಾರೆ. ರಾಜ್ಯ ಕಟ್ಟುವುದು, ಬೊಕ್ಕಸ ತುಂಬಿಸುವುದು, ಕೋಟೆಗೆ ಮುತ್ತಿಗೆ ಹಾಕುವುದು, ನೆರೆಯ ಅರಸನೊಡನೆ ಸಂಬಂಧ ಬೆಳೆಸುವುದು, ಇವೆಲ್ಲ ಇರುವ ಆಟಗಳಿಗೆ ಸ್ಟ್ರಾಟೆಜಿ ಗೇಮ್ ಎನ್ನುತ್ತಾರೆ. ತಂತ್ರದ ಆಟ ಎಂದರೂ ಸರಿಯೇ. ಕಣ್ಣುಮುಚ್ಚಿ ಗುಂಡು ಹಾರಿಸುವ ಆಟಗಳಿಗಿಂತ ಇವು ಎಷ್ಟೋ ಮೇಲು. ಮಗ ಇಂಥದ್ದನ್ನು ಆಡುತ್ತಿದ್ದರೆ ತಂದೆತಾಯಿಗಳು ಒಮ್ಮೆಗೇ ಗಾಬರಿಯಾಗಬೇಕಿಲ್ಲ. ಆದರೆ ಈ ಆಟಗಳ ವ್ಯಾಪಾರದಲ್ಲಿ ಒಂದು ವಿಶೇಷವಿದೆ. ಆಟವನ್ನು ಒಮ್ಮೆ ಕೊಂಡರೆ ಮುಗಿಯಲಿಲ್ಲ. ಆರು ತಿಂಗಳಿಗೋ ವರ್ಷಕ್ಕೋ ಅದಕ್ಕೊಂದು ‘ಎಕ್ಸ್‌ಪ್ಯಾನ್ಶನ್’ ಬರುತ್ತದೆ: ಹೊಸ ದೇಶ, ಹೊಸ ಅರಸ, ಹೊಸ ಕಥೆ. ಅದಕ್ಕೆ ಬೇರೆಯೇ ಹಣ. ಇದನ್ನು ವಿಸ್ತರಣೆ ಎಂದು ಕರೆಯೋಣ.

ವಿಸ್ತರಣೆ ಎಂಬುದು ಮೋಸವೇ? ಹಾಗೆ ಹೇಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಆಟವನ್ನು ಹಿಗ್ಗಿಸುವ ಆಸೆ ಮನುಷ್ಯನಿಗೆ ಹಿಂದಿನಿಂದಲೂ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನೇ ನೋಡಿ. ಗಂಜೀಫಾ ಎಂಬ ದುಂಡನೆಯ ಇಸ್ಪೀಟಿನ ಆಟದಲ್ಲಿ ಮೊಗಲರ ಕಾಲದಲ್ಲಿ 96 ಎಲೆಗಳಿದ್ದವು, ದಶಾವತಾರದ ಗಂಜೀಫಾದಲ್ಲಿ 120. ಒಡೆಯರಿಗೆ ಅದು ಸಾಲಲಿಲ್ಲ. ‘ಛದ’ ಎಂಬ ಹೆಸರಿನಲ್ಲಿ ಅವರು ಹೊಸ ಹೊಸ ಆಟಗಳನ್ನು ಹೊಸೆದರು. ಅವುಗಳಲ್ಲಿ ದೊಡ್ಡದಕ್ಕೆ 360 ಎಲೆಗಳು! ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಈ ಆಟಗಳ ವಿವರವಿದೆ. ಆದರೆ 360 ಎಲೆಗಳ ಆಟವನ್ನು ಊರ ಕಟ್ಟೆಯ ಮೇಲೆ ಯಾರೂ ಆಡಲಿಲ್ಲ. ಅಲ್ಲಿ ಚೌಕಾಬಾರವೇ ನಡೆಯಿತು, ಹುಲಿ-ಕುರಿ ಆಟವೇ ನಡೆಯಿತು. ನೆಲದ ಮೇಲೆ ಸುಣ್ಣದ ಗೆರೆ, ನಾಲ್ಕು ಕವಡೆ, ಒಂದಿಷ್ಟು ಹರಳು. ಹೆಚ್ಚು ತುಂಬಿಸಿದ ಆಟ ಹೆಚ್ಚು ಚೆಂದವೇನೂ ಅಲ್ಲ.

ಈಗ ನಿಜವಾದ ಒಂದು ಲೆಕ್ಕಕ್ಕೆ ಬರೋಣ. ಸ್ವೀಡನ್ನಿನ ಪ್ಯಾರಡಾಕ್ಸ್ ಎಂಬ ಕಂಪನಿ 2012ರಲ್ಲಿ ‘ಕ್ರುಸೇಡರ್ ಕಿಂಗ್ಸ್ 2’ ಎಂಬ ಆಟವನ್ನು ತಂದಿತು. ಮಧ್ಯಯುಗದ ಅರಸು ಮನೆತನವೊಂದನ್ನು ಹಿಡಿದು ತಲೆಮಾರಿನಿಂದ ತಲೆಮಾರಿಗೆ ನಡೆಸಿಕೊಂಡು ಹೋಗುವ ಆಟ ಅದು. 2014ರ ಮಾರ್ಚಿನಲ್ಲಿ ಇದಕ್ಕೆ ‘ರಾಜಾಸ್ ಆಫ್ ಇಂಡಿಯಾ’ ಎಂಬ ವಿಸ್ತರಣೆ ಬಂತು. ಇಲ್ಲಿನ ಜಾಣತನ ಗಮನಿಸಿ. ಭಾರತದ ನಕ್ಷೆ ಆಟ ಕೊಂಡ ಎಲ್ಲರಿಗೂ ಪುಕ್ಕಟೆಯಾಗಿಯೇ ಸೇರಿತು. ದಖ್ಖನ್ ಕಾಣುತ್ತಿತ್ತು, ಚಾಲುಕ್ಯರು ಕಾಣುತ್ತಿದ್ದರು. ಆದರೆ ಆ ಅರಸರಾಗಿ ನೀವೇ ಆಡಬೇಕೆಂದರೆ 15 ಡಾಲರ್ ಕೊಡಬೇಕು. ಅಂಗಡಿಯವನು ಜಿಲೇಬಿಯನ್ನು ಗಾಜಿನೊಳಗೆ ಇಟ್ಟ ಹಾಗೆ.

15 ಡಾಲರ್ ಎಂದರೆ ಆ ವರ್ಷದ ದರದಲ್ಲಿ ಸುಮಾರು 900 ರೂಪಾಯಿ. ಅದೇ 2014-15ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 191 ರೂಪಾಯಿ. ಅಂದರೆ ಬಿಸಿಲಿನಲ್ಲಿ ಬದು ಹಾಕುವ ಒಬ್ಬಾಕೆಯ ನಾಲ್ಕೂವರೆ ದಿನಕ್ಕಿಂತ ಹೆಚ್ಚಿನ ದುಡಿಮೆ. ಸ್ಟಾಕ್‌ಹೋಮಿನ ಹುಡುಗನಿಗೆ ಅದು ಒಂದು ಹೊತ್ತಿನ ಊಟದ ಖರ್ಚು. ಒಂದೇ ಬೆಲೆ ಎಲ್ಲ ಊರಲ್ಲೂ ಒಂದೇ ತೂಕದ್ದಲ್ಲ. ‘ಬರೇ ಹದಿನೈದು ಡಾಲರ್’ ಎಂದು ಮಗ ಹೇಳಿದಾಗ ನಮ್ಮ ಮನೆಯ ತಕ್ಕಡಿಯಲ್ಲೇ ಅದನ್ನು ತೂಗಬೇಕು. 2015ರ ಕೊನೆಯಿಂದ ಸ್ಟೀಮ್ ಎಂಬ ದೊಡ್ಡ ಆಟದಂಗಡಿ ಭಾರತದವರಿಗೆ ರೂಪಾಯಿಯಲ್ಲೇ ಬೆಲೆ ಹೇಳುತ್ತಿದೆ, ಹಲವು ಆಟಗಳ ಬೆಲೆ ಡಾಲರಿನ ಲೆಕ್ಕಕ್ಕಿಂತ ಕಡಿಮೆಯೂ ಇರುತ್ತದೆ. ಅಷ್ಟರ ಮಟ್ಟಿಗೆ ಒಳ್ಳೆಯದಾಯಿತು.

ಒಂದೇ ವಿಸ್ತರಣೆಯಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. 2012ರಿಂದ 2018ರ ತನಕ ಆ ಆಟಕ್ಕೆ ದೊಡ್ಡ ವಿಸ್ತರಣೆಗಳೇ ಹದಿನೈದು ಬಂದವು. ಜೊತೆಗೆ ಅರಸರ ಮುಖಗಳು, ಸೈನಿಕರ ಉಡುಪು, ಸಂಗೀತ ಎಂದು ಚಿಲ್ಲರೆ ಸಾಮಾನು ಬೇರೆ. ರಿಯಾಯಿತಿ ಇಲ್ಲದೆ ಎಲ್ಲವನ್ನೂ ಕೊಂಡರೆ 200 ಡಾಲರಿಗೂ ಮೇಲೆ. 2019ರ ಅಕ್ಟೋಬರಿನಲ್ಲಿ ಕಂಪನಿ ಮೂಲ ಆಟವನ್ನು ಪುಕ್ಕಟೆ ಮಾಡಿತು. ಉದಾರತೆ ಎಂದು ಕೆಲವರು ಹೊಗಳಿದರು. ನನಗೇನೋ ಅದು ಜಾತ್ರೆಯ ತೊಟ್ಟಿಲಿನ ಪಕ್ಕ ಮೊದಲ ಸುತ್ತು ಪುಕ್ಕಟೆ ಎಂದು ಕೂಗಿದಂತೆಯೇ ಕೇಳಿಸಿತು.

ಇನ್ನು ಕಥೆಯ ಸ್ವಾರಸ್ಯಕರ ಭಾಗ. 2020ರ ಸೆಪ್ಟೆಂಬರಿನಲ್ಲಿ ಇದೇ ಆಟದ ಮೂರನೆಯ ಆವೃತ್ತಿ ಬಂತು. ಅದರಲ್ಲಿ ಭಾರತದ ಅರಸರು ಮೂಲ ಆಟದೊಳಗೇ ಇದ್ದರು. ಆರು ವರ್ಷದ ಹಿಂದೆ 15 ಡಾಲರ್ ತೆತ್ತು ಪಡೆದದ್ದಕ್ಕೆ ಈಗ ಬೇರೆ ಬೆಲೆಯಿಲ್ಲ. 2024ರಲ್ಲಿ ಆ ಆಟಕ್ಕೆ 1178ನೇ ಇಸವಿಯಿಂದ ಆರಂಭಿಸುವ ಅವಕಾಶವೂ ಸೇರಿತು. ಆ ವರ್ಷ ಬಲ್ಲಾಳ ದೋರಸಮುದ್ರದಲ್ಲಿ ಆಳುತ್ತಿದ್ದ, ಸೊರಟೂರಿನ ಯುದ್ಧಕ್ಕೆ ಇನ್ನು ಹತ್ತು ಹನ್ನೆರಡು ವರ್ಷ. ಆತುರಪಟ್ಟವನು ಕೊಟ್ಟ ಹಣವನ್ನು ಕಾದವನು ಉಳಿಸಿಕೊಂಡ. ಇಂಥ ಆಟಗಳು ಹಳತಾದಷ್ಟೂ ಅಗ್ಗವಾಗುತ್ತವೆ, ದೀಪಾವಳಿಗೋ ಕ್ರಿಸ್ಮಸ್ಸಿಗೋ ಅರ್ಧ ಬೆಲೆಗೂ ಕೆಳಗೆ ಬರುತ್ತವೆ. ರುಚಿ ಮಾತ್ರ ಅಷ್ಟೇ ಇರುತ್ತದೆ. ಹಸಿ ಮೆಣಸಿನಕಾಯಿಯ ಹಾಗೆ ನಾಳೆ ಬಾಡುವ ಮಾಲಲ್ಲ ಅದು.

ಹಾಗಾದರೆ ವಿಸ್ತರಣೆಗೆ ಹಣ ಕೊಟ್ಟರೆ ಬರುವುದೇನು? ಕೆಲವು ಸಲ ತಕ್ಕಷ್ಟು ಬರುತ್ತದೆ. ‘ಸಿವಿಲೈಸೇಶನ್ 6’ ಎಂಬ ಆಟ 2016ರಲ್ಲಿ ಬಂದಾಗ ಭಾರತಕ್ಕೆ ಗಾಂಧೀಜಿಯೇ ನಾಯಕ. 2018ರಲ್ಲಿ 30 ಡಾಲರಿನ ವಿಸ್ತರಣೆಯೊಂದರಲ್ಲಿ ಚಂದ್ರಗುಪ್ತ ಮೌರ್ಯನೂ ಬಂದ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಲ್ಲೇಖನ ಮಾಡಿ ದೇಹ ಬಿಟ್ಟನೆಂದು ಜೈನ ಪರಂಪರೆ ಹೇಳುವ ಅದೇ ಚಂದ್ರಗುಪ್ತ. ಆಟದಲ್ಲಿ ಅವನು ನೆರೆಯವರ ಮೇಲೆ ಏರಿ ಹೋಗುವ ಅರಸ. ಅದನ್ನು ಆಡಿದ ಹುಡುಗ ಬೆಳಗೊಳದ ಬೆಟ್ಟ ಹತ್ತಿದರೆ ಕೇಳಬೇಕಾದ ಪ್ರಶ್ನೆ ಅವನಲ್ಲಿ ತಾನಾಗಿ ಹುಟ್ಟುತ್ತದೆ: ಗೆದ್ದವನು ಯಾಕೆ ಬಿಟ್ಟು ಬಂದ? ಹಾಗೆಯೇ 1999ರ ‘ಏಜ್ ಆಫ್ ಎಂಪೈರ್ಸ್ 2’ ಆಟಕ್ಕೆ 2022ರ ಏಪ್ರಿಲಿನಲ್ಲಿ, ಇಪ್ಪತ್ತಮೂರು ವರ್ಷದ ನಂತರ, ಭಾರತದ ರಾಜವಂಶಗಳ ವಿಸ್ತರಣೆ ಬಂತು. ಹಿಂದೆ ‘ಇಂಡಿಯನ್ಸ್’ ಎಂದು ಒಂದೇ ಗಂಟಿನಲ್ಲಿ ಕಟ್ಟಿದ್ದ ಜನರನ್ನು ಹಿಂದೂಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ ಎಂದು ಬೇರೆ ಬೇರೆ ಮಾಡಿದರು. ದ್ರಾವಿಡರ ದಂಡಯಾತ್ರೆ ರಾಜೇಂದ್ರ ಚೋಳನದು, ಕನ್ನಡದ ಅರಸನಿಗೆ ಇನ್ನೂ ಸರದಿ ಬಂದಿರಲಿಲ್ಲ! ಇಷ್ಟು ಹಳೆಯ ಆಟವನ್ನು ಜೀವಂತ ಇಟ್ಟದ್ದು ಈ ವಿಸ್ತರಣೆಗಳ ಹಣವೇ ಎಂಬುದನ್ನೂ ಒಪ್ಪಬೇಕು. ನಕ್ಷೆ ಬರೆದವರು, ಸಂಗೀತ ಕೂಡಿಸಿದವರು, ತಪ್ಪು ತಿದ್ದಿದವರು ಎಲ್ಲರಿಗೂ ಸಂಬಳ ಅಲ್ಲಿಂದಲೇ.

ಆದುದರಿಂದ ‘ಗೆಳೆಯನ ಪೆನ್‌ಡ್ರೈವಿನಲ್ಲಿ ಪುಕ್ಕಟೆ ಸಿಗುತ್ತದೆ’ ಎಂಬ ಮಾತನ್ನು ಮನೆಯಲ್ಲಿ ಒಪ್ಪಬೇಡಿ. ಕಂಪ್ಯೂಟರ್ ತಂತ್ರಾಂಶಕ್ಕೂ 1957ರ ಕೃತಿಸ್ವಾಮ್ಯ ಕಾಯಿದೆ ಅನ್ವಯಿಸುತ್ತದೆ. ಅದಕ್ಕೂ ಮೊದಲು, ಧರ್ಮೋಪದೇಶದ ತರಗತಿಯಲ್ಲಿ ನಮ್ಮ ಮಕ್ಕಳು ಏಳನೆಯ ಕಟ್ಟಳೆಯನ್ನು ಕಲಿತಿದ್ದಾರೆ. ಬೆಲೆ ಹೆಚ್ಚಾಯಿತೆಂದರೆ ಕೊಳ್ಳದೆ ಇರಬಹುದು.

ಇಲ್ಲಿ ಇನ್ನೊಂದು ಭೇದವನ್ನು ತಂದೆತಾಯಿಗಳು ಖಂಡಿತ ತಿಳಿದಿರಬೇಕು. ಮೇಲೆ ಹೇಳಿದ ವಿಸ್ತರಣೆಗೆ ಬೆಲೆ ಮೊದಲೇ ಗೊತ್ತು, ಸಿಗುವುದೂ ಗೊತ್ತು. ಮೊಬೈಲಿನ ಆಟಗಳ ಹಾದಿಯೇ ಬೇರೆ. 2012ರಲ್ಲಿ ಫಿನ್ಲೆಂಡಿನಿಂದ ಬಂದ ‘ಕ್ಲಾಶ್ ಆಫ್ ಕ್ಲಾನ್ಸ್’ ತಂತ್ರದ ಆಟವೇ, ಆಡಲು ಹಣವೂ ಬೇಡ. ಆದರೆ ಕೋಟೆ ಕಟ್ಟಲು ಗಂಟೆಗಟ್ಟಲೆ, ಮುಂದೆ ದಿನಗಟ್ಟಲೆ ಕಾಯಬೇಕು. ಕಾಯಲಾರದವನು ಹಣ ಕೊಟ್ಟು ಹರಳು ಕೊಳ್ಳಬೇಕು. ಅಲ್ಲಿ ಮಾರುವುದು ಹೊಸ ಆಟವನ್ನಲ್ಲ, ಮಗುವಿನ ಅಸಹನೆಯನ್ನು. ಅದಕ್ಕೆ ಕೊನೆಯಿಲ್ಲ. ಇನ್ನು ಪಣವಿಟ್ಟು ಆಡುವ ಆಟಗಳು ಮೂರನೆಯ ಬಗೆ. ಕರ್ನಾಟಕ ಸರಕಾರ 2021ರಲ್ಲಿ ಅವುಗಳನ್ನು ನಿಷೇಧಿಸಿತು, ಆ ತಿದ್ದುಪಡಿಯನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಪಣವಲ್ಲದ, ಬರೀ ಪ್ರವೇಶಕ್ಕಾಗಿ ಕೊಡುವ ಶುಲ್ಕವನ್ನು ಅದು ತಡೆಯುವುದಿಲ್ಲ. ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕಿ ‘ಎಲ್ಲಾ ಜೂಜು’ ಎಂದು ಬೈದರೆ ಮಗ ನಮ್ಮ ಮಾತಿಗೆ ಬೆಲೆ ಕೊಡುವುದಿಲ್ಲ. ಏಕೆಂದರೆ ಅವನಿಗೆ ವ್ಯತ್ಯಾಸ ಗೊತ್ತಿದೆ.

ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ಹೇಳುವ ಎರಡು ಪುಟ್ಟ ಸಾಮತಿಗಳನ್ನು ನೀವು ಬಲ್ಲಿರಿ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆ; ಹತ್ತು ಸಾವಿರ ಸೈನಿಕರ ಅರಸ ಇಪ್ಪತ್ತು ಸಾವಿರದವನನ್ನು ಎದುರಿಸಲು ಆದೀತೇ ಎಂದು ಯೋಚಿಸುತ್ತಾನೆ. ಅಲ್ಲಿ ಮಾತು ಶಿಷ್ಯತ್ವದ ಬೆಲೆಯನ್ನು ಕುರಿತದ್ದು, ಆಟದ್ದಲ್ಲ. ಆದರೂ ತಂತ್ರದ ಆಟ ಬಲ್ಲ ಹುಡುಗನಿಗೆ ಈ ಸಾಮತಿ ಬೇಗ ಹತ್ತುತ್ತದೆ. ಆಟದೊಳಗೆ ಬೊಕ್ಕಸ ನೋಡದೆ ದಂಡು ಕಟ್ಟದವನು ಮನೆಯ ಬೊಕ್ಕಸವನ್ನೂ ನೋಡಲಿ ಎಂದು ಕೇಳುವುದರಲ್ಲಿ ತಪ್ಪೇನು?

ಮನೆಯಲ್ಲಿ ಮಾತು ಹೀಗೆ ನಡೆಯಬಹುದು.

“ಯವ್ವಾ, ಐನೂರ ರೂಪಾಯಿ ಅಷ್ಟ ಐತಿ. ಒಮ್ಮೆ ತಗೊಂಡ್ರ ಮುಗೀತು.”

“ದಸರಾದಾಗೊಂದು ತಗೊಂಡಿದ್ದೆಲ್ಲೋ ತಮ್ಮಾ, ಅದನ್ನ ಎಷ್ಟ ಆಡೀದಿ?”

“ಅದಾ... ಇನ್ನೂ ಪೂರ್ತಿ ಆಗಿಲ್ಲ.”

“ಹಂಗಾರ ಅದನ್ನ ಮುಗಸು. ಆಮ್ಯಾಲೆ ಕೂತು ಮಾತಾಡೂಣು.”

ಈ ತಾಯಿಯ ಪ್ರಶ್ನೆ ಬಹಳ ಒಳ್ಳೆಯದು. ಬೇಡ ಎನ್ನಲಿಲ್ಲ, ಬೈಯಲಿಲ್ಲ. ಮೊದಲು ತಂದದ್ದು ಏನಾಯಿತು ಎಂದು ಕೇಳಿದಳು. ಸ್ಟೀಮಿನಲ್ಲಿ ಪ್ರತಿ ಆಟವನ್ನು ಎಷ್ಟು ತಾಸು ಆಡಿದ್ದೇವೆಂದು ಅದೇ ಬರೆದು ತೋರಿಸುತ್ತದೆ, ವಾದಕ್ಕೆ ಎಡೆಯೇ ಇಲ್ಲ. ಆ ತಾಸುಗಳನ್ನು ಮಗನ ಜೊತೆ ಕುಳಿತು ನೋಡಿ. 900 ರೂಪಾಯಿಯ ವಿಸ್ತರಣೆಯನ್ನು ನೂರು ತಾಸು ಆಡಿದರೆ ತಾಸಿಗೆ 9 ರೂಪಾಯಿ. ಸಿನಿಮಾಕ್ಕಿಂತ ಎಷ್ಟೋ ಅಗ್ಗ. ಆದರೆ ದಿನಕ್ಕೆ ಎರಡು ತಾಸಿನಂತೆ ನೂರು ತಾಸು ಎಂದರೆ ಐವತ್ತು ಸಂಜೆಗಳು. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಐವತ್ತು ಸಂಜೆ ಎಲ್ಲಿಂದ ತರುವುದು? ಅಗ್ಗವಾಗಿ ಸಿಕ್ಕಷ್ಟೂ ಹೊತ್ತು ಹೆಚ್ಚು ತಿನ್ನುವ ವಸ್ತು ಇದು.

2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಅಕ್ಯುಟಿಸ್ ವಿಡಿಯೋ ಗೇಮ್ ಆಡುತ್ತಿದ್ದ ಹುಡುಗನೇ. ವಾರಕ್ಕೆ ಒಂದೇ ತಾಸು ಎಂದು ತಾನೇ ಮಿತಿ ಹಾಕಿಕೊಂಡಿದ್ದನೆಂದು ಅವನ ಜೀವನವನ್ನು ಬರೆದವರು ಹೇಳುತ್ತಾರೆ. ಎಲ್ಲ ಮಕ್ಕಳಿಗೂ ಒಂದು ತಾಸೇ ಎಂದು ಹಟ ಹಿಡಿಯಬೇಕಾಗಿಲ್ಲ. ಮಿತಿಯನ್ನು ಹುಡುಗನೇ ಹಾಕಿಕೊಂಡ ಎಂಬ ಮಾತು ಮಾತ್ರ ಮಕ್ಕಳಿಗೆ ಹೇಳುವಂಥದ್ದು. ಆಟದೊಳಗೆ ಏನಿದೆ ಎಂಬುದನ್ನೂ ನೋಡಿ. 2007ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಹದಿನಾರನೆಯ ಬೆನೆಡಿಕ್ಟರು ಹಿಂಸೆಯನ್ನು ವೈಭವೀಕರಿಸುವ ಆಟಗಳನ್ನು ಕಟುವಾಗಿ ಖಂಡಿಸಿದ್ದರು. ‘ಕ್ರುಸೇಡರ್ ಕಿಂಗ್ಸ್’ ಆಟದಲ್ಲಿ ಪೋಪರಿದ್ದಾರೆ, ಧರ್ಮಯುದ್ಧವಿದೆ, ದಾಯಾದಿಯ ಕೊಲೆಗೆ ಸಂಚು, ವ್ಯಭಿಚಾರ ಎಲ್ಲವೂ ಇವೆ. ಹತ್ತು ವರ್ಷದ ಮಗುವಿಗೆ ಅದು ಸಲ್ಲದು. ಕಾಲೇಜು ಓದುವವನಿಗೆ ಚರ್ಚೆಯ ವಸ್ತುವಾದೀತು.

ಕೊಳ್ಳುವುದೇ ಎಂದಾದರೆ ಕೆಲವು ಮಾತುಗಳು ನೆನಪಿರಲಿ. ಯುಪಿಐ ಪಿನ್ ಮಕ್ಕಳ ಕೈಗೆ ಹೋಗಬಾರದು. ಗೂಗಲ್ ಪ್ಲೇನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಬಹುದು. ಅಲ್ಲಿ ತಿಳಿಯದೆ ಕೊಂಡದ್ದಾದರೆ 48 ತಾಸಿನೊಳಗೆ ಹಣ ವಾಪಸು ಕೇಳಿ. ಸ್ಟೀಮಿನಲ್ಲಿ ಹದಿನಾಲ್ಕು ದಿನದೊಳಗೆ, ಆಟವನ್ನು ಎರಡು ತಾಸಿಗಿಂತ ಕಡಿಮೆ ಆಡಿದ್ದರೆ, ಹಣ ಮರಳುತ್ತದೆ. ವಿಸ್ತರಣೆಯಾದರೆ ಅದನ್ನು ಕೊಂಡ ಮೇಲೆ ಮೂಲ ಆಟವನ್ನು ಆಡಿದ ತಾಸುಗಳನ್ನು ಎಣಿಸುತ್ತಾರೆ. ಎರಡು ತಾಸು ಎಂದರೆ ಒಂದು ಸಂಜೆ. ಹಿಡಿಸಿತೋ ಇಲ್ಲವೋ ಎಂದು ಮಗನನ್ನು ಅದೇ ರಾತ್ರಿ ಊಟದ ಹೊತ್ತಿಗೆ ಕೇಳಿಬಿಡಿ.