ಚೀಟಿಯಲ್ಲಿರುವ ‘ಮೆಲ್ಲಿಟಸ್’ ಎಂದರೇನು?

ಕೇಸ್ ಶೀಟಿನಲ್ಲಿ ‘ಟೈಪ್ 2 ಡಿ.ಎಂ.’ ಎಂದು ಬರೆದಿರುವುದನ್ನು ನೋಡಿ, “ಸಿಸ್ಟರ್, ಇದ್ಯಾವುದು ಹೊಸ ಕಾಯಿಲೆ?” ಎಂದು ನಿಮ್ಮಲ್ಲಿ ಹಲವರು ಗಾಬರಿಯಿಂದ ಕೇಳುತ್ತೀರಿ. ಹೊಸದೇನಲ್ಲ, ನಾವೆಲ್ಲ ಹೇಳುವ ಸಕ್ಕರೆ ಕಾಯಿಲೆಯೇ. ಪೂರ್ತಿ ಹೆಸರು ಡಯಾಬಿಟಿಸ್ ಮೆಲ್ಲಿಟಸ್.

ಡಯಾಬಿಟಿಸ್ ಎಂಬುದು ಗ್ರೀಕ್ ಪದ. ಹಾದು ಹೋಗುವುದು ಎಂದು ಅರ್ಥ. ಕುಡಿದ ನೀರು ಮೈಯಲ್ಲಿ ನಿಲ್ಲದೆ ಹೊರಟುಹೋಗುವುದನ್ನು ಕಂಡು ಇಟ್ಟ ಹೆಸರು. ಮೆಲ್ಲಿಟಸ್ ಲ್ಯಾಟಿನ್ ಪದ. ಆ ಭಾಷೆಯಲ್ಲಿ ‘ಮೆಲ್’ ಎಂದರೆ ಜೇನು, ಮೆಲ್ಲಿಟಸ್ ಎಂದರೆ ಜೇನಿನಂತೆ ಸಿಹಿಯಾದದ್ದು. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 17ನೇ ಶತಮಾನದಲ್ಲಿ ಈ ರೋಗಿಗಳ ಮೂತ್ರ ಸಿಹಿ ಎಂದು ಬರೆದರು. ಗೊತ್ತಾದದ್ದು ಹೇಗೆ? ನಾಲಗೆಗೆ ಹಚ್ಚಿ! ಅಂದಿನ ಲ್ಯಾಬೊರೇಟರಿ ಅದೇ. 1776ರಲ್ಲಿ ಮ್ಯಾಥ್ಯೂ ಡಾಬ್ಸನ್ ಎಂಬ ವೈದ್ಯರು ಮೂತ್ರವನ್ನು ಕಾಯಿಸಿ ಇಂಗಿಸಿದಾಗ ಸಕ್ಕರೆಯಂಥ ಪದಾರ್ಥ ಉಳಿಯಿತು. ನಮ್ಮ ಆಯುರ್ವೇದದವರು ಇದಕ್ಕೂ ಬಹಳ ಹಿಂದೆಯೇ ಮಧುಮೇಹ ಎಂದಿದ್ದರು. ಮಧು ಎಂದರೂ ಜೇನೇ.

ಡಯಾಬಿಟಿಸ್ ಇನ್ಸಿಪಿಡಸ್ ಎಂಬ ಇನ್ನೊಂದು ಅಪರೂಪದ ಕಾಯಿಲೆ ಇದೆ. ಇನ್ಸಿಪಿಡಸ್ ಎಂದರೆ ಲ್ಯಾಟಿನ್‌ನಲ್ಲಿ ಸಪ್ಪೆ. ಅಲ್ಲಿಯೂ ದಾಹ, ಅತಿಮೂತ್ರ ಉಂಟು, ಆದರೆ ಸಕ್ಕರೆಗೂ ಅದಕ್ಕೂ ಸಂಬಂಧವಿಲ್ಲ. ಗೊಂದಲವಾಗುತ್ತದೆಂದು 2022ರಲ್ಲಿ ತಜ್ಞರು ಅದಕ್ಕೆ ಬೇರೆ ಹೆಸರನ್ನೇ ಸೂಚಿಸಿದ್ದಾರೆ.

ಈ ಜೇನಿನ ಹೆಸರಿನಿಂದ ನಮ್ಮ ಜನರಲ್ಲೂ ಒಂದು ತಪ್ಪು ತಿಳಿವಳಿಕೆ ಉಳಿದಿದೆ. ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಿಸಲು ಬಂದ ಯಜಮಾನರೊಬ್ಬರು, “ನಾನು ಹೋದ ಜಾಗಕ್ಕೆ ಒಂದು ಇರುವೆಯೂ ಬರಲ್ಲವ್ವ, ನನಗೆಲ್ಲಿಯ ಸಕ್ಕರೆ?” ಎಂದು ವಾದಿಸಿದರು. ರಕ್ತ ಪರೀಕ್ಷೆ ಬೇರೆಯೇ ಹೇಳಿತು.

ಹೆಸರು ಇಟ್ಟದ್ದು ಮೂತ್ರವನ್ನು ನೋಡಿ, ಆದರೆ ಕಾಯಿಲೆ ತಿಳಿಯುವುದು ರಕ್ತದಿಂದ. ರಕ್ತದ ಸಕ್ಕರೆ ಸುಮಾರು 180 ಮಿ.ಗ್ರಾಂ. ದಾಟುವವರೆಗೆ ಮೂತ್ರಪಿಂಡಗಳು ಅದನ್ನು ಹೊರಗೆ ಬಿಡದೆ ಹಿಂದಕ್ಕೆ ಹೀರಿಕೊಳ್ಳುತ್ತವೆ. ವಯಸ್ಸಾದವರಲ್ಲಿ ಈ ಮಿತಿ ಇನ್ನೂ ಹೆಚ್ಚಿರಬಹುದು. ಆದರೆ ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು ಬಂದು, ಮತ್ತೊಮ್ಮೆ ನೋಡಿದಾಗಲೂ ಹಾಗೆಯೇ ಇದ್ದರೆ ಅದು ಮಧುಮೇಹ. ಈ ಎರಡರ ನಡುವೆ ಇರುವವರ ಮೂತ್ರಕ್ಕೆ ಇರುವೆ ಬರುವುದಿಲ್ಲ. ಅಷ್ಟರಲ್ಲಿ ಕಣ್ಣು, ಮೂತ್ರಪಿಂಡ, ಪಾದದ ನರಗಳಿಗೆ ಪೆಟ್ಟು ಬೀಳುತ್ತಲೇ ಇರುತ್ತದೆ. ನೋವೇ ತಿಳಿಯದ್ದರಿಂದ ಆ ಯಜಮಾನರು ಹುಣ್ಣು ದೊಡ್ಡದಾಗುವವರೆಗೂ ಸುಮ್ಮನಿದ್ದರು.

ಸಕ್ಕರೆ ಕಾಯಿಲೆಯವರ ಜೊತೆ ಬಂದಿರುವ ಮಕ್ಕಳು, ಒಡಹುಟ್ಟಿದವರು 30 ವರ್ಷ ದಾಟಿದ್ದರೆ ತಾವೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ರಾತ್ರಿ ಊಟವಾದ ಮೇಲೆ 8 ಗಂಟೆ ಏನೂ ತಿನ್ನದೆ, ಚಹಾ ಸಹ ಕುಡಿಯದೆ ಬೆಳಿಗ್ಗೆ ಬನ್ನಿ. ನೀರು ಕುಡಿಯಬಹುದು.