‘ಓಟಿಪಿ ಯಾರಿಗೂ ಹೇಳಬೇಡಿ’: ಒಂಬತ್ತನೇ ತರಗತಿಯ ಒಂದು ಪಾಠ

ಬೋಧನಾಭ್ಯಾಸಕ್ಕೆ ನನಗೆ ದೊರೆತದ್ದು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಚಾಮರಾಜನಗರದಿಂದ ಬೆಳಗಿನ ಬಸ್ಸು ಹಿಡಿದು ಹೋಗಿ ಬರುತ್ತಿದ್ದೆ. ನನ್ನ ವಿಷಯ ಗಣಿತ ಮತ್ತು ಭೌತವಿಜ್ಞಾನ. ಇವುಗಳ ಜೊತೆಗೆ ಒಂಬತ್ತನೇ ತರಗತಿಗೆ ‘ಅಂತರ್ಜಾಲ ಬಳಕೆ ಮತ್ತು ಸುರಕ್ಷತೆ’ ಎಂಬ ವಿಷಯದ ಮೇಲೆ ಎರಡು ಅವಧಿಗಳ ಪಾಠವನ್ನೂ ಮಾಡಿದೆ. ಆ ಪಾಠವನ್ನು ಹೇಗೆ ಯೋಜಿಸಿದೆ, ತರಗತಿಯಲ್ಲಿ ಏನು ಕಂಡುಬಂತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಈ ವಿಷಯಕ್ಕೆ ಸಿದ್ಧ ಸಾಮಗ್ರಿಯ ಕೊರತೆಯಿಲ್ಲ. ಬ್ಯಾಂಕಿನ ಗೋಡೆಯಿಂದ ಹಿಡಿದು ವಾಟ್ಸಾಪ್ ಗುಂಪಿನವರೆಗೆ ಎಲ್ಲೆಲ್ಲೂ ಅವೇ ವಾಕ್ಯಗಳಿವೆ: ಓಟಿಪಿ ಯಾರಿಗೂ ಹೇಳಬೇಡಿ, ಪಿನ್ ಯಾರಿಗೂ ಕೊಡಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ. ಈ ವಾಕ್ಯಗಳು ಸುಳ್ಳಲ್ಲ. ಆದರೆ ಒಬ್ಬರಿಗೆ ಒಂದು ಫೋನ್, ಒಂದು ಖಾತೆ ಎಂದು ಭಾವಿಸಿ ಬರೆದವು. ನಾವು ಪಾಠ ಮಾಡುವ ಮಕ್ಕಳ ಮನೆಗಳು ಹಾಗಿಲ್ಲ. ಅದಕ್ಕೇ ತೊಡಗಿಸಿಕೊಳ್ಳುವ ಹಂತಕ್ಕೆ ಭಿತ್ತಿಪತ್ರದ ಬದಲು ಮಕ್ಕಳಿಗೆ ಒಂದೊಂದು ಖಾಲಿ ಹಾಳೆ ಕೊಟ್ಟೆ. ಶೀರ್ಷಿಕೆ ‘ನಮ್ಮ ಮನೆಯ ಫೋನಿನ ಒಂದು ದಿನ’. ಬೆಳಿಗ್ಗೆಯಿಂದ ರಾತ್ರಿಯವರೆಗೆ ಫೋನ್ ಯಾರ ಕೈಯಲ್ಲಿರುತ್ತದೆ, ಯಾವ ಕೆಲಸಕ್ಕೆ, ಬ್ಯಾಂಕಿಗೆ ಕೊಟ್ಟಿರುವ ನಂಬರ್ ಮನೆಯಲ್ಲಿ ಯಾರದು ಎಂದು ಬರೆಯಬೇಕು. ಹೆಸರು, ನಂಬರ್ ಬೇಡ, ಸಂಬಂಧ ಮಾತ್ರ ಸಾಕು ಎಂದು ಮೊದಲೇ ಹೇಳಿದ್ದೆ.

ಹಾಳೆಗಳಲ್ಲಿ ಕಂಡದ್ದು ಇದು. ಅಪ್ಪ ಟೊಮೆಟೊ ತುಂಬಿಕೊಂಡು ತೆರಕಣಾಂಬಿ ಮಾರುಕಟ್ಟೆಗೆ ಹೋದರೆ ಫೋನೂ ಅವರ ಜೊತೆ ಹೋಗುತ್ತದೆ. ಸಂಜೆ ಅದು ಮಕ್ಕಳ ಕೈಗೆ ಬರುತ್ತದೆ. ಅವ್ವನ ಗೃಹಲಕ್ಷ್ಮಿ ಹಣ ಬರುವ ಖಾತೆಗೆ ಕೊಟ್ಟಿರುವುದು ಅಣ್ಣನ ನಂಬರ್. ಅಣ್ಣ ಇರುವುದು ಕೇರಳದಲ್ಲೋ ತಿರುಪ್ಪೂರಿನಲ್ಲೋ. ಅಪ್ಪನಿಗೆ ಓದಲು ಬಾರದ ಮನೆಗಳಲ್ಲಿ ರೀಚಾರ್ಜ್ ಮಾಡುವುದು, ಕರೆಂಟ್ ಬಿಲ್ ಕಟ್ಟುವುದು, ಪಿಎಂ ಕಿಸಾನ್ ಕಂತು ಬಂತೇ ಎಂದು ನೋಡುವುದು ಎಲ್ಲವೂ ನಮ್ಮ ಒಂಬತ್ತನೇ ತರಗತಿಯ ಹುಡುಗ ಅಥವಾ ಹುಡುಗಿ. ಅಂದರೆ ನಾವು ‘ಮಕ್ಕಳನ್ನು ಅಂತರ್ಜಾಲದಿಂದ ಕಾಪಾಡುವುದು ಹೇಗೆ’ ಎಂದು ಯೋಚಿಸುತ್ತಿರುವಾಗ ಆ ಮಕ್ಕಳೇ ಇಡೀ ಮನೆಯ ಅಂತರ್ಜಾಲದ ಕೆಲಸ ನೋಡಿಕೊಳ್ಳುತ್ತಿದ್ದಾರೆ.

ಪಾಠದ ಮುಖ್ಯ ಭಾಗ ಶುರುವಾದದ್ದು ಒಬ್ಬ ಹುಡುಗನ ಮಾತಿನಿಂದ. ‘ಓಟಿಪಿ ಯಾರಿಗೆ ಹೇಳಬಹುದು?’ ಎಂದು ಕೇಳಿದೆ. ‘ಯಾರಿಗೂ ಹೇಳಬಾರದು’ ಎಂದು ಇಡೀ ತರಗತಿ ರಾಗವಾಗಿ ಉತ್ತರಿಸಿತು. ಹಿಂದಿನ ಬೆಂಚಿನಿಂದ ಅವನು ಎದ್ದು ಹೇಳಿದ: ‘ನಮ್ಮಣ್ಣನ ಫೋನಿಗೆ ಓಟಿಪಿ ಬತ್ತದ ಮಿಸ್. ಅವನು ಫೋನ್ ಮಾಡಿ ಹೇಳ್ತನ. ನಾನು ಹಾಕ್ತಿನಿ. ಹೇಳ್ದೆ ಹೋದ್ರ ಕೆಲ್ಸ ಆಗದೆಂಗ?’ ಎಲ್ಲರೂ ನಕ್ಕರು. ಆಮೇಲೆ ‘ನಿಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೀಗಿದೆ?’ ಎಂದು ಕೇಳಿದರೆ ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು.

ವಾರಕ್ಕೊಮ್ಮೆ ಮನೆಯಲ್ಲೇ ಮುರಿಯುವ ನಿಯಮವನ್ನು ಮಕ್ಕಳು ಪರೀಕ್ಷೆಗೆ ಬರೆಯುತ್ತಾರೆ, ಬದುಕಿಗೆ ಬಳಸುವುದಿಲ್ಲ. ಆದ್ದರಿಂದ ಅದರ ಬದಲು ಅವರು ನಿಜವಾಗಿ ಬಳಸಬಹುದಾದ ಒಂದು ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದೆ: ಈ ಕೆಲಸ ಶುರು ಮಾಡಿದ್ದು ನಾವಾ, ಅವರಾ? ನಾವು ಕರೆಂಟ್ ಬಿಲ್ ಕಟ್ಟಲು ಹೊರಟೆವು, ಓಟಿಪಿ ಬಂತು, ಅಣ್ಣ ಓದಿ ಹೇಳಿದ. ಶುರು ಮಾಡಿದ್ದು ನಾವು. ಯಾರೋ ಫೋನ್ ಮಾಡಿ ‘ಗೃಹಲಕ್ಷ್ಮಿ ಹಣ ನಿಂತಿದೆ, ಒಂದು ನಂಬರ್ ಬರುತ್ತದೆ, ಹೇಳಿ’ ಎಂದರು. ಶುರು ಮಾಡಿದ್ದು ಅವರು. ಎರಡನೆಯದರಲ್ಲಿ ಕರೆ ಮಾಡಿದವರು ಎಷ್ಟೇ ಒಳ್ಳೆಯ ಕನ್ನಡದಲ್ಲಿ ಮಾತನಾಡಲಿ, ಉತ್ತರ ಒಂದೇ: ಇಡಿ ಫೋನು. ಮಕ್ಕಳು ಗುಂಪುಗಳಲ್ಲಿ ಕುಳಿತು ತಮ್ಮ ಮನೆಗೆ ಬಂದ ಕರೆಗಳನ್ನು ಈ ಎರಡು ಪಟ್ಟಿಗಳಿಗೆ ಹಂಚಿದರು. ಅಣ್ಣನ ಹೆಸರಿನಲ್ಲೇ ಬೇರೆಯವರು ಸಂದೇಶ ಕಳುಹಿಸಿದರೆ ಏನು ಮಾಡುವುದು ಎಂಬ ಪ್ರಶ್ನೆಯೂ ಬಂತು. ಸಂದೇಶಕ್ಕೆ ಉತ್ತರಿಸದೆ ಅಣ್ಣನಿಗೆ ನೇರ ಕರೆ ಮಾಡಿ ದನಿ ಕೇಳುವುದು, ಆಗಲೂ ಅನುಮಾನವಿದ್ದರೆ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ವಿಷಯ ಕೇಳುವುದು ಎಂದು ತರಗತಿಯೇ ತೀರ್ಮಾನಿಸಿತು. ಒಬ್ಬಳು ಸೂಚಿಸಿದ ಪ್ರಶ್ನೆ: ‘ನಮ್ ಕರಿ ಹಸ ಎಷ್ಟು ಕರ ಹಾಕ್ಯದ?’

ಅನ್ವೇಷಣೆಯ ಹಂತಕ್ಕೆ ಬ್ಯಾಂಕಿನಿಂದ ಬರುವಂಥ ಎಂಟು ಸಂದೇಶಗಳನ್ನು ನಾನೇ ಬರೆದು, ನಂಬರ್ ಇರುವ ಕಡೆ ಗುಣಾಕಾರ ಚಿಹ್ನೆ ಹಾಕಿ, ಚೀಟಿ ಮಾಡಿದ್ದೆ. ಪ್ರತಿಯೊಂದರ ಕೆಳಗೆ ‘ಹಣ ಬಂತಾ, ಹೋಯ್ತಾ, ಇನ್ನೂ ಹೋಗಿಲ್ಲವಾ?’ ಎಂದು ಬರೆಯಬೇಕು. ಈ ಚಟುವಟಿಕೆಗೆ ಹತ್ತು ನಿಮಿಷ ಇಟ್ಟಿದ್ದೆ, ಅವಧಿಯ ಉಳಿದ ಸಮಯವೆಲ್ಲ ಅದಕ್ಕೇ ಹೋಯಿತು. ಹೋಗಲೇಬೇಕಿತ್ತು ಕೂಡ. ‘ಡೆಬಿಟೆಡ್’ ಮತ್ತು ‘ಕ್ರೆಡಿಟೆಡ್’ ಎಂಬ ಎರಡು ಪದಗಳ ವ್ಯತ್ಯಾಸ ಹೆಚ್ಚಿನ ಮಕ್ಕಳಿಗೆ ಗೊತ್ತಿರಲಿಲ್ಲ. ಮನೆಯವರು ‘ಏನ್ ಬಂದದ ನೋಡು’ ಎಂದು ಫೋನ್ ಕೊಟ್ಟಾಗ ಇವರು ಓದುತ್ತಿದ್ದದ್ದು ಅಂಕಿಯನ್ನು ಮಾತ್ರ. ಎರಡು ಸಾವಿರ ಎಂದು ಓದಿ ಹೇಳುತ್ತಾರೆ. ಆ ಎರಡು ಸಾವಿರ ಬಂತೋ ಹೋಯಿತೋ ಅವರಿಗೂ ತಿಳಿಯದು, ಕೇಳಿದವರಿಗೂ ತಿಳಿಯದು. ಇಂಗ್ಲಿಷ್ ಬೋಧಿಸುವ ಪ್ರಶಿಕ್ಷಣಾರ್ಥಿಗಳು ಇದನ್ನು ತಮ್ಮ ಪಾಠವಾಗಿಯೂ ತೆಗೆದುಕೊಳ್ಳಬಹುದು. ಅಂತರ್ಜಾಲ ಕೌಶಲವೆಂದರೆ ಹುಡುಕುವುದು, ಡೌನ್‌ಲೋಡ್ ಮಾಡುವುದು ಎಂದು ನಾವು ತಿಳಿದಿದ್ದೇವೆ. ನನ್ನ ಅಭಿಪ್ರಾಯದಲ್ಲಿ ಈ ಮಕ್ಕಳಿಗೆ ಮೊದಲು ಬೇಕಾದದ್ದು ನಾಲ್ಕು ಸಾಲಿನ ಒಂದು ಎಸ್ಎಂಎಸ್ ಅನ್ನು ಕೊನೆಯವರೆಗೆ ಓದುವ ಕೌಶಲ.

ಪಿನ್ ಬಗ್ಗೆ ಗಣಿತದ ಕಡೆಯಿಂದ ಹೋದೆ. ನಾಲ್ಕು ಅಂಕಿಯ ಪಿನ್ ಎಷ್ಟು ವಿಧ? 0000ಯಿಂದ 9999ರವರೆಗೆ 10,000. ಆರು ಅಂಕಿಯಾದರೆ 10 ಲಕ್ಷ. ಮನೆಯವರ ಹುಟ್ಟಿದ ಇಸವಿಯನ್ನೇ ಪಿನ್ ಮಾಡಿಕೊಂಡರೆ? 1950ರಿಂದ ಇಲ್ಲಿಯವರೆಗೆ ಎಣಿಸಿ ನೂರು ಕೂಡ ಆಗುವುದಿಲ್ಲ ಎಂದು ಅವರೇ ಕಂಡುಕೊಂಡರು. ಇಷ್ಟಕ್ಕೇ ಬಿಟ್ಟರೆ ಪಾಠ ಅರ್ಧ ಸತ್ಯವಾಗುತ್ತದೆ. ಯುಪಿಐಯಲ್ಲಿ ಕೆಲವು ಸಲ ತಪ್ಪು ಪಿನ್ ಒತ್ತಿದರೆ ಅದು ತಾನೇ ತಡೆಹಿಡಿಯುತ್ತದೆ. ಊಹಿಸಿ ಕದಿಯುವುದು ಸುಲಭವಲ್ಲ. ಪಿನ್ ಹೋಗುವುದು ನಾವೇ ಹೇಳಿದಾಗ, ಅಥವಾ ‘ಹಣ ಬರುತ್ತದೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎಂದವರ ಮಾತು ಕೇಳಿ ನಾವೇ ಒತ್ತಿದಾಗ. ಹಣ ಪಡೆಯಲು ಪಿನ್ ಬೇಕಿಲ್ಲ, ಕಳಿಸಲು ಮಾತ್ರ ಬೇಕು. ಭಿತ್ತಿಪತ್ರಗಳು ಬೇಗ ಹಳತಾಗುತ್ತವೆ ಎಂಬುದನ್ನೂ ಇಲ್ಲಿ ಹೇಳಬೇಕು. ಅಪರಿಚಿತರು ಆ್ಯಪಿನಲ್ಲಿ ‘ಹಣ ಕೊಡಿ’ ಎಂದು ಕೋರಿಕೆ ಕಳುಹಿಸುವ ಮೋಸದ ಬಗ್ಗೆ ಹಳೆಯ ಸಾಮಗ್ರಿಯಲ್ಲಿ ಪುಟಗಟ್ಟಲೆ ಇದೆ. ವ್ಯಕ್ತಿಯಿಂದ ವ್ಯಕ್ತಿಗೆ ಅಂಥ ಕೋರಿಕೆ ಕಳುಹಿಸುವ ಸೌಲಭ್ಯವನ್ನೇ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಕ್ಯೂಆರ್ ಮೋಸ ಮಾತ್ರ ಹಾಗೇ ಉಳಿದಿದೆ.

‘ಪಿಎಂ ಕಿಸಾನ್’ ಹೆಸರಿನಲ್ಲಿ ವಾಟ್ಸಾಪ್ ಗುಂಪುಗಳಿಗೆ ಬರುವ ಎಪಿಕೆ ಕಡತಗಳ ಬಗ್ಗೆ ಹುಡುಗರಿಗೆ ನನಗಿಂತ ಹೆಚ್ಚು ಗೊತ್ತಿತ್ತು. ಅದನ್ನು ಇನ್‌ಸ್ಟಾಲ್ ಮಾಡಿ ಎಸ್ಎಂಎಸ್ ಓದಲು ಅನುಮತಿ ಕೊಟ್ಟರೆ ಓಟಿಪಿಯನ್ನು ಯಾರೂ ಕೇಳಬೇಕಾಗಿಯೇ ಇಲ್ಲ, ಅದು ತಾನೇ ಹೋಗುತ್ತದೆ ಎಂಬುದಷ್ಟು ಹೊಸ ವಿಷಯ. ‘ಡಿಜಿಟಲ್ ಅರೆಸ್ಟ್’ ಬಗ್ಗೆಯೂ ಕೇಳಿದ್ದರು. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಇದೇ ಮೋಸದ ಕರೆಯೊಂದನ್ನು ಕೇಳಿಸಿದ್ದರು, ಆ ಕರೆ ಬಂದದ್ದು ನಮ್ಮ ವಿಜಯಪುರದವರಿಗೆ ಎಂದಾಗ ತರಗತಿ ಸ್ವಲ್ಪ ನೆಟ್ಟಗೆ ಕುಳಿತಿತು. ವಿಡಿಯೊ ಕರೆಯಲ್ಲಿ ಬಂಧಿಸುವ ಕಾನೂನು ನಮ್ಮ ದೇಶದಲ್ಲಿಲ್ಲ.

ಎರಡನೇ ಅವಧಿಯಲ್ಲಿ ಒಬ್ಬ ಹುಡುಗಿ ಕೇಳಿದಳು: ‘ನಮ್ಮಜ್ಜಿಗೆ ಫೋನೇ ಇಲ್ಲ ಮಿಸ್. ಹೆಬ್ಬೆಟ್ಟು ಒತ್ತಿ ದುಡ್ಡು ತಕ್ಕಂಡು ಬತ್ತದ. ಅದ್ಕ ಏನೂ ಆಗಲ್ಲ ಅಲ್ವಾ?’ ಈ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ಉತ್ತರವಿದೆ. ನೋಂದಣಿಯಾದ ಆಸ್ತಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯ ಮೂಲಕ ಖಾತೆಯಿಂದ ಹಣ ತೆಗೆದ ದೂರುಗಳು 2023ರಲ್ಲಿ ಬೆಂಗಳೂರಿನಲ್ಲಿ ದಾಖಲಾದವು. ಅಲ್ಲಿ ಓಟಿಪಿಯೂ ಇಲ್ಲ, ಪಿನ್ನೂ ಇಲ್ಲ. ಆಧಾರ್ ಬಯೊಮೆಟ್ರಿಕ್ ಅನ್ನು ಯುಐಡಿಎಐ ಜಾಲತಾಣದಲ್ಲಿ ಲಾಕ್ ಮಾಡಬಹುದು. ಆದರೆ ಲಾಕ್ ಮಾಡಿದರೆ ಅಜ್ಜಿಯ ಹೆಬ್ಬೆಟ್ಟೂ ನಡೆಯುವುದಿಲ್ಲ, ಪ್ರತಿ ತಿಂಗಳು ಯಾರಾದರೂ ತೆರೆದು ಕೊಡಬೇಕು. ಆ ಅಜ್ಜಿಗೆ ಲಾಕ್‌ಗಿಂತ ಉಪಯೋಗವಾಗುವುದು ಹಣ ತೆಗೆದಾಗಲೆಲ್ಲ ರಸೀದಿ ಕೇಳಿ ಪಡೆಯುವುದು, ತಿಂಗಳಿಗೊಮ್ಮೆ ಮೊಮ್ಮಗಳಿಂದ ಪಾಸ್‌ಬುಕ್ ಓದಿಸುವುದು. ಹಾಗೆಂದೇ ಹೇಳಿದೆ.

ಈಗ ಪಾಠದ ತಿರುಳಿಗೆ ಬರುತ್ತೇನೆ. ಅವಧಿ ಮುಗಿದ ಮೇಲೆ ಒಬ್ಬ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಆಟದ ಬಹುಮಾನವೆಂದು ಬಂದ ಲಿಂಕ್ ಒತ್ತಿ ಅವ್ವನ ಖಾತೆಯ ಎರಡು ಸಾವಿರ ರೂಪಾಯಿ ಹೋಗಿತ್ತು. ಹೋದದ್ದು ಅವನಿಗೆ ಅದೇ ಸಂಜೆ ತಿಳಿದಿತ್ತು. ಸಂದೇಶವನ್ನು ಅಳಿಸಿ, ಒಂಬತ್ತು ದಿನ ಯಾರಿಗೂ ಹೇಳದೆ ಇದ್ದ. ಅವ್ವ ‘ಈ ತಿಂಗಳು ಸರ್ಕಾರದೋರು ಹಾಕ್ಲಿಲ್ವೇನೋ’ ಎಂದುಕೊಂಡು ಎರಡು ಸಲ ಬ್ಯಾಂಕಿಗೆ ನಡೆದಿದ್ದರು. ‘ಯಾಕೆ ಹೇಳಲಿಲ್ಲ?’ ಎಂದರೆ, ‘ಅಪ್ಪ ಹೊಡಿತಿತ್ತು’ ಎಂದ.

ಹೊಡೆತದ ಭಯಕ್ಕೂ ತಂತ್ರಜ್ಞಾನಕ್ಕೂ ಇರುವ ನಂಟು ಇಲ್ಲಿದೆ. 1930ಕ್ಕೆ ಕರೆ ಮಾಡಿದಾಗ ಆ ವ್ಯವಹಾರದ ವಿವರ ಸಂಬಂಧಪಟ್ಟ ಬ್ಯಾಂಕಿಗೆ ಹೋಗುತ್ತದೆ. ಹಣ ಇನ್ನೂ ಆ ಖಾತೆಯಲ್ಲಿದ್ದರೆ ಅಲ್ಲೇ ತಡೆಯುತ್ತಾರೆ. ಮುಂದಿನ ಖಾತೆಗೆ ಸಾಗಿದ್ದರೆ ಮಾಹಿತಿಯೂ ಅದರ ಹಿಂದೆ ಹೋಗುತ್ತದೆ. 2021ರಲ್ಲಿ ಶುರುವಾದ ಈ ವ್ಯವಸ್ಥೆ ಕೆಲಸ ಮಾಡುವುದು ಹಣ ಎಟಿಎಂನಿಂದ ಹೊರಬೀಳುವ ಮೊದಲು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯೂ ಸಮಯವನ್ನೇ ನೋಡುತ್ತದೆ: ನಮ್ಮ ಅಜಾಗರೂಕತೆಯಿಂದ ಹಣ ಹೋದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ಹುಡುಗ ಹೆದರಿ ಸುಮ್ಮನಿದ್ದ ಒಂದೊಂದು ಗಂಟೆಯೂ ಕದ್ದವನಿಗೆ ಕೊಟ್ಟ ಗಂಟೆ.

ಅದಕ್ಕೇ ಮೌಲ್ಯಮಾಪನಕ್ಕೆ ಪ್ರಶ್ನೆಪತ್ರಿಕೆಯ ಬದಲು ಎರಡು ಕೆಲಸ ಕೊಟ್ಟೆ. ಒಂದು, 1930ಕ್ಕೆ ಹೇಳಬೇಕಾದ ವಿವರ ಬರೆಯುವುದು: ಯಾವ ಬ್ಯಾಂಕ್, ಎಷ್ಟು ಹಣ, ಯಾವ ದಿನ, ಎಷ್ಟು ಗಂಟೆಗೆ, ಯುಪಿಐಯ 12 ಅಂಕಿಯ ಉಲ್ಲೇಖ ಸಂಖ್ಯೆ ಏನು. ಸಂದೇಶ ಅಳಿಸಬಾರದು ಎಂಬುದು ಆಗ ತಾನಾಗಿಯೇ ಅರ್ಥವಾಯಿತು. ಇನ್ನೊಂದು, ಮನೆಯಲ್ಲಿ ಹೇಳುವ ಮೊದಲ ವಾಕ್ಯ ಬರೆಯುವುದು. ಇದು ಕಷ್ಟದ ಕೆಲಸ. ತುಂಬ ಹಾಳೆಗಳು ‘ತಪ್ಪಾಯ್ತು’ ಎಂದು ಶುರುವಾದವು. ಒಬ್ಬಳ ವಾಕ್ಯವನ್ನು ಬೋರ್ಡಿಗೆ ಏರಿಸಿದೆ: ‘ಅವ್ವ, ಆಮೇಲ ಬಯ್ಯಿ. ಈಗ ಒಂದು ಫೋನ್ ಮಾಡ್ಬೇಕು.’

ಹುಡುಗಿಯರ ಜೊತೆ ಪ್ರತ್ಯೇಕವಾಗಿ, ಶಾಲೆಯ ಶಿಕ್ಷಕಿಯೊಬ್ಬರ ಎದುರಿನಲ್ಲಿ ಮಾತನಾಡಿದೆ. ಅಲ್ಲಿ ಹಣದ ವಿಷಯ ಬರಲೇ ಇಲ್ಲ, ಫೋಟೊದ ವಿಷಯ ಬಂತು. ಕೆಟ್ಟ ಸಂದೇಶ ಬಂತೆಂದು ಮನೆಯಲ್ಲಿ ಹೇಳಿದರೆ ಕಳುಹಿಸಿದವನಿಗೆ ಏನೂ ಆಗುವುದಿಲ್ಲ, ತಮ್ಮ ಕೈಯ ಫೋನ್ ಹೋಗುತ್ತದೆ, ಆಮೇಲೆ ಓದೂ ನಿಲ್ಲಬಹುದು ಎಂದು ಅವರು ಲೆಕ್ಕ ಹಾಕಿದ್ದರು. ಆ ಲೆಕ್ಕ ತಪ್ಪೆಂದು ಹೇಳುವ ಧೈರ್ಯ ನನಗಿರಲಿಲ್ಲ, ಏಕೆಂದರೆ ಕೆಲವು ಮನೆಗಳಲ್ಲಿ ಅದು ಸರಿ. 1098, 112, ಚಾಮರಾಜನಗರದ ಸಿಇಎನ್ ಪೊಲೀಸ್ ಠಾಣೆ ಇವುಗಳ ಜೊತೆಗೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯನ್ನು ತಿಳಿಸಿದೆ. 18 ತುಂಬುವ ಮೊದಲಿನ ಖಾಸಗಿ ಚಿತ್ರ ಹರಡುವ ಭಯವಿದ್ದರೆ, ಚಿತ್ರ ನಮ್ಮ ಫೋನಿನಲ್ಲೇ ಉಳಿದು ಅದರ ಗುರುತಿನ ಸಂಕೇತ ಮಾತ್ರ ಹೋಗುತ್ತದೆ. ಸೇವೆಯಲ್ಲಿ ಸೇರಿರುವ ಜಾಲತಾಣಗಳು ಆ ಸಂಕೇತ ಹಿಡಿದು ಚಿತ್ರವನ್ನು ಹುಡುಕಿ ತೆಗೆಯುತ್ತವೆ.

ಪೋಷಕರ ಸಭೆಯಲ್ಲಿ ನನಗೆ ಹದಿನೈದು ನಿಮಿಷ ಸಿಕ್ಕಿತು. ಮೋಸದ ವಿಧಗಳನ್ನು ವಿವರಿಸಲಿಲ್ಲ. ಒಂದೇ ಕೋರಿಕೆ ಇಟ್ಟೆ: ಮಗು ಹಣ ಹೋಯಿತೆಂದು ಬಂದು ಹೇಳಿದರೆ, ಬೈಯುವ ಮೊದಲು 1930ಕ್ಕೆ ಕರೆ ಮಾಡಿ. ಒಬ್ಬ ತಂದೆ, ‘ಬಯ್ದೆ ಬುಟ್ರ ಐಕಳು ಕೆಟ್ಟೋಗ್ತವ ಮೇಡಂ’ ಎಂದರು. ಬೈಯಲೇಬೇಡಿ ಎಂದಿಲ್ಲ, ಕರೆ ಮಾಡಿದ ಮೇಲೆ ಎಂದೆ. ಅವರು ನಕ್ಕರು, ಒಪ್ಪಿದರೋ ಇಲ್ಲವೋ ತಿಳಿಯದು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ತಾಯಂದಿರು 1930ನ್ನು ಬರೆದುಕೊಡಿ ಎಂದು ಕೇಳಿದರು. ಮಕ್ಕಳು ರಟ್ಟಿನ ಚೂರುಗಳ ಮೇಲೆ ದೊಡ್ಡದಾಗಿ ಬರೆದು ಕೊಟ್ಟರು.

ಈ ಪಾಠಕ್ಕೆ ಎರಡು ಅವಧಿ ಸಾಲದು, ಮೂರು ಬೇಕು. ಸಂದೇಶದ ಚೀಟಿಗಳಿಗೇ ಒಂದು ಅವಧಿ ಇಡಿ. ಮಕ್ಕಳ ಮನೆಯ ನಿಜವಾದ ಸಂದೇಶಗಳನ್ನು ತರಿಸಬೇಡಿ. ‘ಫೋನಿನ ಒಂದು ದಿನ’ದ ಹಾಳೆಗಳನ್ನು ಪಾಠ ಮುಗಿದ ಮೇಲೆ ಅವರಿಗೇ ಹಿಂದಿರುಗಿಸಿ, ನಮ್ಮ ದಾಖಲೆ ಪುಸ್ತಕಕ್ಕೆ ಅಂಟಿಸುವುದು ಬೇಡ.