ದಿನಕ್ಕೆ ಇಪ್ಪತ್ತು ನಿಮಿಷ, ಕೈಯಲ್ಲೊಂದು ಕ್ಯೂಬ್



ಬಿಕ್ಕೋಡು ಹೋಬಳಿಯ ಶಾಲೆಯೊಂದಕ್ಕೆ ಹೋಗಿದ್ದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: "ಸರ್, ಕಾಡಾನೆ ಭಯ, ಕತ್ತಲಾಗೋದರೊಳಗೆ ಮನೆ ಸೇರಬೇಕು. ಆಮೇಲೆ ಮನೆಗೆಲಸ, ಓದು. ಕ್ಯೂಬ್ ಹಿಡಿಯೋಕೆ ದಿನಕ್ಕೆ ಇಪ್ಪತ್ತು ನಿಮಿಷ ಸಿಕ್ಕರೆ ಹೆಚ್ಚು. ಇಷ್ಟರಲ್ಲಿ ಬೇಗ ಬಿಡಿಸೋದು ಕಲಿಯೋಕಾಗುತ್ತಾ?"

ನಿಮ್ಮಲ್ಲಿ ಅನೇಕರ ಪ್ರಶ್ನೆಯೂ ಇದೇ ಇರಬಹುದು. ಕಲಿಯಬಹುದು. ಆದರೆ ನಮ್ಮ ಸಮಯ ಎಲ್ಲಿ ಸೋರಿಹೋಗುತ್ತಿದೆ ಎಂದು ಮೊದಲು ಅಳೆಯಬೇಕು. ವಿಜ್ಞಾನದಲ್ಲಿ ಅಳತೆಯಿಲ್ಲದೆ ಮುಂದಿನ ಹೆಜ್ಜೆಯಿಲ್ಲ.

ಕ್ಯೂಬ್ ಎಂದರೇನು?

ಹಂಗೇರಿ ದೇಶದ ಬುಡಾಪೆಸ್ಟ್ ನಗರದಲ್ಲಿ ಪಾಠ ಹೇಳುತ್ತಿದ್ದ ಎರ್ನೋ ರೂಬಿಕ್ ಎಂಬ ಅಧ್ಯಾಪಕರು 1974ರಲ್ಲಿ ಇದನ್ನು ರಚಿಸಿದರು. ಹೊರಗೆ ಕಾಣುವ ತುಂಡುಗಳು 26. ಅವುಗಳಲ್ಲಿ 6 ಮಧ್ಯದವು, 12 ಅಂಚಿನವು, 8 ಮೂಲೆಯವು. ಮುಖಗಳನ್ನು ಎಷ್ಟು ತಿರುಗಿಸಿದರೂ ಮಧ್ಯದ ತುಂಡುಗಳು ಒಂದರ ಜಾಗಕ್ಕೆ ಇನ್ನೊಂದು ಹೋಗುವುದಿಲ್ಲ. ಆದ್ದರಿಂದ ಯಾವ ಮುಖಕ್ಕೆ ಯಾವ ಬಣ್ಣ ಬರಬೇಕೆಂದು ಅವೇ ಹೇಳುತ್ತವೆ.

ಈ ಪುಟ್ಟ ಆಟಿಕೆಯನ್ನು 43,252,003,274,489,856,000 ರೀತಿಯಲ್ಲಿ ಕಲಸಬಹುದು! ಆದರೂ ಹೇಗೇ ಕಲಸಿದರೂ ಬಿಡಿಸಲು 20ಕ್ಕಿಂತ ಹೆಚ್ಚು ತಿರುವು ಬೇಕಿಲ್ಲ ಎಂದು 2010ರಲ್ಲಿ ಗಣಕಯಂತ್ರಗಳ ನೆರವಿನಿಂದ ಸಾಧಿಸಿ ತೋರಿಸಲಾಯಿತು. 1982ರಲ್ಲಿ ಬುಡಾಪೆಸ್ಟ್‌ನಲ್ಲಿ ನಡೆದ ಮೊದಲ ವಿಶ್ವ ಸ್ಪರ್ಧೆಯಲ್ಲಿ ಗೆದ್ದವರ ಸಮಯ 22.95 ಸೆಕೆಂಡು. 2025ರಲ್ಲಿ ಚೀನಾದ ಬಾಲಕ ಗೆಂಗ್ ಶ್ವಾನ್‌ಯಿ 3.05 ಸೆಕೆಂಡಿನಲ್ಲಿ ಬಿಡಿಸಿದ.

ನೀವೇ ಮಾಡಿ ನೋಡಿ

ಬಿಡಿಸಿದ ಕ್ಯೂಬ್ ತೆಗೆದುಕೊಳ್ಳಿ. ಒಂದು ಮುಖ ನಿಮ್ಮ ಎದುರಿಗಿರಲಿ. ಪ್ರತಿ ಸಲವೂ ಕಾಲು ಸುತ್ತು ಮಾತ್ರ ತಿರುಗಿಸಿ.

1. ಬಲಗಡೆಯ ಪದರ ಮೇಲಕ್ಕೆ.
2. ಮೇಲಿನ ಪದರದ ಎದುರು ಸಾಲು ಎಡಕ್ಕೆ.
3. ಬಲಗಡೆಯ ಪದರ ಕೆಳಕ್ಕೆ.
4. ಮೇಲಿನ ಪದರದ ಎದುರು ಸಾಲು ಬಲಕ್ಕೆ.

ಈ ನಾಲ್ಕನ್ನೂ ಹೀಗೆಯೇ 6 ಸಲ ಮಾಡಿ. ಕೆಟ್ಟುಹೋಯಿತು ಎಂದುಕೊಂಡ ಕ್ಯೂಬ್ ತಾನಾಗಿಯೇ ಸರಿಯಾಗುತ್ತದೆ! ಏಕೆ? ಈ ಕ್ರಮದಲ್ಲಿ ಜಾಗ ಬದಲಿಸುವ ಅಂಚುಗಳು 3 ಸಲಕ್ಕೊಮ್ಮೆ ಸ್ವಸ್ಥಾನಕ್ಕೆ ಬರುತ್ತವೆ; ಮೂಲೆಗಳು 6 ಸಲಕ್ಕೊಮ್ಮೆ. 3 ಮತ್ತು 6ರ ಲ.ಸಾ.ಅ. 6. ಗಣಿತ ಪುಸ್ತಕದ ಲೆಕ್ಕ ನಿಮ್ಮ ಅಂಗೈಯಲ್ಲೇ ಇದೆ.

ಈಗ ಇದೇ ಕ್ರಮಕ್ಕೆ ಸಮಯ ಹಿಡಿಯಿರಿ. ಸೆಕೆಂಡ್ ಮುಳ್ಳಿರುವ ಗಡಿಯಾರ ಸಾಕು. ಒಟ್ಟು 24 ತಿರುವುಗಳು. 12 ಸೆಕೆಂಡು ಹಿಡಿದರೆ ನಿಮ್ಮ ಬೆರಳ ವೇಗ ಸೆಕೆಂಡಿಗೆ 2 ತಿರುವು.

ಸಮಯ ಎಲ್ಲಿ ಹೋಯಿತು?

ಕಲಸಿದ ಕ್ಯೂಬನ್ನು ಈಗ ಪೂರ್ತಿ ಬಿಡಿಸಿ. ಗೆಳೆಯನೊಬ್ಬ ತಿರುವುಗಳನ್ನು ಎಣಿಸಲಿ, ಇನ್ನೊಬ್ಬ ಸಮಯ ನೋಡಲಿ. 120 ತಿರುವು, 180 ಸೆಕೆಂಡು ಆಯಿತೆನ್ನಿ. ಸೆಕೆಂಡಿಗೆ 2ರಂತೆ 120 ತಿರುವಿಗೆ ಬೇಕಾದದ್ದು 60 ಸೆಕೆಂಡು ಮಾತ್ರ. ಉಳಿದ 120 ಸೆಕೆಂಡು? "ಆ ತುಂಡು ಎಲ್ಲಿದೆ, ಮುಂದೇನು?" ಎಂದು ಕಣ್ಣು ಹುಡುಕುತ್ತಿತ್ತು, ಕೈ ಸುಮ್ಮನಿತ್ತು.

ನಾನು ಕಲಿಯುವಾಗ ಇದನ್ನು ಅಳೆಯದೆ ತಪ್ಪು ಮಾಡಿದೆ. ತಿಂಗಳಿಡೀ ಬೆರಳನ್ನು ಚುರುಕು ಮಾಡಲು ಹೊರಟೆ. ವೇಗವಾಗಿ ತಿರುಗಿಸಿದಷ್ಟೂ ತುಂಡುಗಳು ಕಣ್ಣಿಗೆ ತಪ್ಪಿಹೋಗುತ್ತಿದ್ದವು. ಸಮಯ ಕಡಿಮೆಯಾಗಲೇ ಇಲ್ಲ. ನಿಧಾನವಾಗಿ, ಆದರೆ ನಿಲ್ಲಿಸದೆ ತಿರುಗಿಸಲು ಆರಂಭಿಸಿದ ಮೇಲೆಯೇ ಸುಧಾರಣೆ ಕಂಡಿತು. ಕೈ ಒಂದು ತುಂಡನ್ನು ಕೂರಿಸುವಾಗ ಕಣ್ಣು ಮುಂದಿನದನ್ನು ಹುಡುಕಬೇಕು.

ಇಪ್ಪತ್ತು ನಿಮಿಷದ ಹಂಚಿಕೆ

ಮೊದಲ 5 ನಿಮಿಷ: ಗಡಿಯಾರ ನೋಡದೆ, ನಿಧಾನವಾಗಿ, ಎಲ್ಲೂ ನಿಲ್ಲದಂತೆ ಬಿಡಿಸುವುದು.

ನಂತರ 8 ನಿಮಿಷ: ನಿಮಗೆ ಅತಿ ಕಷ್ಟವಾದ ಒಂದೇ ಹಂತ. ಸೂತ್ರಗಳಲ್ಲೂ ಆಯ್ಕೆಯಿರಲಿ. ಪರಿಣತರು ಕೊನೆಯ ಪದರಕ್ಕೆ 57 ಮತ್ತು 21, ಒಟ್ಟು 78 ಸೂತ್ರಗಳನ್ನು ಕಲಿಯುತ್ತಾರೆ. ಅದೇ ಕೆಲಸವನ್ನು ನಾಲ್ಕು ಹಂತವಾಗಿ ಒಡೆದರೆ 16 ಸೂತ್ರ ಸಾಕು. ತಿರುವು ಕೆಲವು ಹೆಚ್ಚಾಗುತ್ತವೆ, ಆದರೆ ಕಲಿಯುವ ಹೊರೆ ಇಳಿಯುತ್ತದೆ. ವಾರಕ್ಕೆ ಒಂದೇ ಹೊಸ ಸೂತ್ರ ಸಾಕು.

ಕೊನೆಯ 7 ನಿಮಿಷ: ಸಮಯ ಹಿಡಿದು ಬಿಡಿಸುವುದು. ಒಂದೇ ದಿನ ಐದು ಸಲ ಆಗದಿದ್ದರೆ ಎರಡು ಮೂರು ದಿನ ಸೇರಿಸಿ ಐದು ಮಾಡಿ. ಸ್ಪರ್ಧೆಗಳಲ್ಲಿರುವಂತೆ ಐದರಲ್ಲಿ ಅತಿ ಕಡಿಮೆಯದನ್ನೂ ಅತಿ ಹೆಚ್ಚಿನದನ್ನೂ ಬಿಟ್ಟು ಉಳಿದ ಮೂರರ ಸರಾಸರಿ ಬರೆದಿಡಿ. ಉದಾಹರಣೆಗೆ 95, 88, 130, 91, 84 ಸೆಕೆಂಡು. 84 ಮತ್ತು 130 ಬಿಡಿ. (95 + 88 + 91) ÷ 3 = 91.33 ಸೆಕೆಂಡು. ಒಂದು ದಿನದ ಅದೃಷ್ಟ ಅಥವಾ ಒಂದು ಎಡವಟ್ಟು ಈ ಲೆಕ್ಕವನ್ನು ಕೆಡಿಸಲಾರದು.

ಭಾನುವಾರ ಒಟ್ಟಿಗೆ ಮಾಡಿದರೆ?

"ದಿನಾ ಇಪ್ಪತ್ತು ನಿಮಿಷದ ಬದಲು ಭಾನುವಾರ ಎರಡು ಗಂಟೆ ಮಾಡುತ್ತೇನೆ" ಎನ್ನಬಹುದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಇದಕ್ಕೆ ಉತ್ತರ ಬರೆದಿದ್ದಾರೆ. ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಯನ್ನು ಒಂದೇ ದಿನ 68 ಸಲ ಓದಿದಾಗ ಸಿಕ್ಕ ಫಲವೇ ಮೂರು ದಿನಗಳಿಗೆ ಹಂಚಿ 38 ಸಲ ಓದಿದಾಗಲೂ ಅವರಿಗೆ ಸಿಕ್ಕಿತು. ನಿದ್ದೆಗೂ ಇದರಲ್ಲಿ ಪಾಲಿದೆ. ಬೆರಳುಗಳಿಂದ ಒಂದು ಕ್ರಮವನ್ನು ಒತ್ತಲು ಕಲಿತವರು ರಾತ್ರಿ ನಿದ್ದೆ ಮಾಡಿ ಎದ್ದಾಗ, ಮಧ್ಯೆ ಅಭ್ಯಾಸ ಮಾಡದಿದ್ದರೂ, ಸುಮಾರು ಶೇಕಡಾ 20ರಷ್ಟು ಚುರುಕಾಗಿದ್ದರು ಎಂದು 2002ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದ್ದರಿಂದ ನಿದ್ದೆಗೆಟ್ಟು ಅಭ್ಯಾಸ ಮಾಡಬೇಡಿ.

ತರಗತಿಗೆ ಒಂದೇ ಕ್ಯೂಬ್ ಇದ್ದರೆ?

ನಾಲ್ವರ ಗುಂಪು ಮಾಡಿಕೊಳ್ಳಿ. ಒಬ್ಬರು ಬಿಡಿಸಲಿ, ಒಬ್ಬರು ತಿರುವು ಎಣಿಸಲಿ, ಒಬ್ಬರು ಸಮಯ ಬರೆಯಲಿ. ನಾಲ್ಕನೆಯವರು ಕೈ ಎಲ್ಲೆಲ್ಲಿ ನಿಂತಿತು ಎಂದು ಗುರುತು ಹಾಕಲಿ. ಸ್ಪರ್ಧೆಯಲ್ಲಿ ಬಿಡಿಸುವ ಮೊದಲು ಕ್ಯೂಬ್ ನೋಡಲು 15 ಸೆಕೆಂಡು ಕೊಡುತ್ತಾರೆ. ನೀವೂ ಸರದಿಯಂತೆ 15 ಸೆಕೆಂಡು ನೋಡಿ, ಮೊದಲ ಎರಡು ತುಂಡುಗಳನ್ನು ಹೇಗೆ ಕೂರಿಸುವಿರಿ ಎಂದು ಬಾಯಲ್ಲಿ ಹೇಳಿ. ಬಸ್ಸಿಗೆ ಕಾಯುವಾಗ ಕ್ಯೂಬ್ ಇಲ್ಲದೆಯೂ ಸೂತ್ರವನ್ನು ಮನಸ್ಸಿನಲ್ಲಿ ಹೇಳಿಕೊಳ್ಳಬಹುದು.

ಆ ಹುಡುಗಿಗೂ ನಾನು ಇಷ್ಟನ್ನೇ ಹೇಳಿದೆ. ಇಪ್ಪತ್ತು ನಿಮಿಷದಿಂದ ಎಲ್ಲರೂ ವಿಶ್ವದಾಖಲೆ ಮಾಡುವುದಿಲ್ಲ. ಆದರೆ ಹೋದ ತಿಂಗಳ ತಮ್ಮ ಸರಾಸರಿಯನ್ನು ಯಾರು ಬೇಕಾದರೂ ಹಿಂದೆ ಹಾಕಬಹುದು. ಮಗ್ಗಿಗೂ ಕಾಗುಣಿತಕ್ಕೂ ಇದೇ ದಾರಿ: ಎಡವುವ ಜಾಗವನ್ನು ಗುರುತಿಸಿ, ದಿನಾ ಸ್ವಲ್ಪ, ನಿಧಾನವಾಗಿ.

ಯೋಚಿಸಿ, ಉತ್ತರಿಸಿ

1. ನಿಮ್ಮ ಬೆರಳ ವೇಗ ಸೆಕೆಂಡಿಗೆ 3 ತಿರುವು. 120 ತಿರುವುಗಳಲ್ಲಿ ಬಿಡಿಸಲು 100 ಸೆಕೆಂಡು ಆಯಿತು. ಹುಡುಕಲು ಹೋದ ಸಮಯವೆಷ್ಟು?
2. ಮೇಲಿನ ನಾಲ್ಕು ತಿರುವಿನ ಕ್ರಮವನ್ನು 3 ಸಲ ಮಾಡಿ ನಿಲ್ಲಿಸಿ. ಯಾವ ತುಂಡುಗಳು ಜಾಗದಲ್ಲಿವೆ? ಯಾವುವು ಇಲ್ಲ?
3. 17ರ ಮಗ್ಗಿಯನ್ನು ಮೂರು ದಿನಕ್ಕೆ ಹಂಚಿ ಕಲಿಯಿರಿ, 19ರದನ್ನು ಒಂದೇ ದಿನ ಕಲಿಯಿರಿ. ವಾರದ ನಂತರ ಯಾವುದು ನೆನಪಿದೆ? ಗೆಳೆಯರ ಫಲಿತಾಂಶದೊಡನೆ ಹೋಲಿಸಿ.